ಬಾಯಲ್ಲಿ ಗುಂಡುಸೂಜಿ ಇದ್ದರಷ್ಟೇ ನನ್ನ ಗುರುತು ಹಿಡಿಯುವ ಫೋನಿಗೆ

ಇವರಿಗೆ,
ಶ್ರೀಯುತ ಸ್ಮಾರ್ಟ್‌ಫೋನ್ ಸಾಹೇಬರು,
ದೊಡ್ಡ ಕತ್ತರಿಯ ಬಲಕ್ಕೆ, ಗುಂಡಿ ಡಬ್ಬಿಯ ಎಡಕ್ಕೆ,
ಕಟಿಂಗ್ ಮೇಜು, ನಮ್ಮ ಟೈಲರ್ ಅಂಗಡಿ.

ಮಾನ್ಯರೇ,

ತಮ್ಮ ಗಾಜಿನ ಮೈಗೆ ಒಂದು ಗೀರೂ ಬೀಳದಿರಲಿ, ಗೋಡೆಯ ಪ್ಲಗ್ಗು ತಮ್ಮನ್ನೆಂದೂ ಕೈಬಿಡದಿರಲಿ ಎಂದು ಹಾರೈಸುತ್ತಾ, ಈ ಅಂಗಡಿಯ ಇಬ್ಬರು ದರ್ಜಿಗಳಲ್ಲಿ ಕಿರಿಯವನಾದ ನಾನು ಮಾಡಿಕೊಳ್ಳುವ ಬಿನ್ನಹವೇನೆಂದರೆ, ತಾವು ಇಲ್ಲಿಗೆ ದಯಮಾಡಿಸಿದಂದಿನಿಂದ ಅಂಗಡಿಯಲ್ಲಿ ಸುಖವಾಗಿರುವವರು ತಾವೊಬ್ಬರೇ. ತಮ್ಮನ್ನು ಇಟ್ಟುಕೊಳ್ಳುವುದೋ, ಕೊಂಡ ಅಂಗಡಿಗೇ ಹಿಂತಿರುಗಿಸುವುದೋ ಎಂಬುದು ಇಂದು ಸಂಜೆಯೊಳಗೆ ತೀರ್ಮಾನವಾಗಬೇಕು. ಸಂಜೆ ದಾಟಿದರೆ ಅವರು ತಮ್ಮನ್ನು ವಾಪಸು ಪಡೆಯುವುದಿಲ್ಲ. ಆದ್ದರಿಂದ ಈ ಪತ್ರ. ತಾವು ಓದುವುದು ಅನುಮಾನವಾದ್ದರಿಂದ, ಗಿರಾಕಿಗಳಾದರೂ ಓದಲೆಂದು ಇದನ್ನು ಟ್ರಯಲ್ ರೂಮಿನ ಬಾಗಿಲಿಗೆ ಅಂಟಿಸಲಿದ್ದೇನೆ.

ಮೊದಲಿಗೆ ತಮ್ಮ ಜ್ಞಾಪಕಶಕ್ತಿಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲ ದಿನ ತಾವು ಮುಖ ತೋರಿಸಲು ಅಪ್ಪಣೆ ಕೊಟ್ಟಾಗ ನಾನೊಂದು ಕೋಟಿನ ತೋಳು ಕೂರಿಸುತ್ತಿದ್ದೆ, ಬಾಯಲ್ಲಿ ಎಂದಿನಂತೆ ನಾಲ್ಕಾರು ಗುಂಡುಸೂಜಿಗಳಿದ್ದವು, ಮತ್ತು ನಮ್ಮ ಕಸುಬಿನಲ್ಲಿ ಅದೇ ಸಹಜ ಮುಖವಾದ್ದರಿಂದ ಹಾಗೆಯೇ ತೋರಿಸಿದೆ. ಅಂದಿನಿಂದ ಗುಂಡುಸೂಜಿ ಕಚ್ಚದ ನನ್ನನ್ನು ತಾವು ಯಾರೋ ಕಳ್ಳನೆಂದೇ ಭಾವಿಸಿದ್ದೀರಿ. ಯಾರಿಗಾದರೂ ಫೋನು ಮಾಡಬೇಕೆಂದರೆ ನಾನು ಮೊದಲು ಬಾಯಿಗೆ ಸೂಜಿ ತುಂಬಿಕೊಂಡು ತಮ್ಮ ದರ್ಶನ ಪಡೆಯಬೇಕು. ಸೂಜಿ ತೆಗೆದು ದಿಂಬಿಗೆ ಚುಚ್ಚಿ ತಿರುಗುವಷ್ಟರಲ್ಲಿ ತಾವು ಕಣ್ಣು ಮುಚ್ಚಿರುತ್ತೀರಿ. ಹೀಗಾಗಿ ಸೂಜಿ ಕಚ್ಚಿಕೊಂಡೇ ಮಾತಾಡುವುದನ್ನು ರೂಢಿಸಿಕೊಂಡೆ. ಮೊನ್ನೆ ಬ್ಯಾಂಡ್ ಮೇಳದ ಯಜಮಾನರು ನನ್ನ "ಹ್ಞೂಂ"ಕಾರಗಳನ್ನು ಒಪ್ಪಿಗೆಯೆಂದು ತಿಳಿದು, ತಮ್ಮ ಇಡೀ ಮೇಳಕ್ಕೆ ಕಿತ್ತಳೆ ಬಣ್ಣದ ಕೋಟುಗಳನ್ನು ನನ್ನ ತಲೆಗೆ ಕಟ್ಟಿದ್ದಾರೆ.

ತಮ್ಮ ಆರೈಕೆಯ ವಿಷಯದಲ್ಲಿ ನಾನು ಕೊರತೆ ಮಾಡಿಲ್ಲವೆಂಬುದನ್ನು ತಾವೂ ಒಪ್ಪುತ್ತೀರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಟ್ಟೆ ತುಂಬಿಸಿದ್ದೇನೆ. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತು ತಮಗೆ ಕೊಟ್ಟದ್ದಕ್ಕೆ, ಅಂಗಡಿಯ ಬಟ್ಟೆಗೆಲ್ಲ ಇಸ್ತ್ರಿ ಹಾಕುವ ನಮ್ಮ ಇಸ್ತ್ರಿ ಅತ್ತೆ ಇಂದಿಗೂ ನನ್ನ ಮೇಲೆ ಮುಖ ಊದಿಸಿಕೊಂಡಿದ್ದಾರೆ. ತಮಗೆ ಚಳಿಯಾದೀತೆಂದು ಒಳ್ಳೆಯ ಉಣ್ಣೆಯಲ್ಲಿ ಒಳ ಅಸ್ತರಿನ ಸಮೇತ ಒಂದು ಕೋಟು ಹೊಲಿದು ತೊಡಿಸಿದರೆ, ಮೈ ಕಾಯಿಸಿಕೊಂಡು ಕೆಲಸವನ್ನೇ ನಿಲ್ಲಿಸಿದಿರಿ. ಅದಿರಲಿ. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂತಿದ್ದವನನ್ನು ತಾವು ಜೇಬಿನಿಂದಲೇ ಗಮನಿಸಿ, "ಅಭಿನಂದನೆಗಳು, ಇಂದು ನೀವು ಬಹುದೂರ ನಡೆದಿದ್ದೀರಿ, ಸ್ವಲ್ಪ ಕೂತು ದಣಿವಾರಿಸಿಕೊಳ್ಳಿ" ಎಂದಿರಿ. ನನ್ನ ಕಾಲಿಗೆ ಇಷ್ಟು ಗೌರವ ಕೊಟ್ಟವರು ಈ ಬೀದಿಯಲ್ಲೇ ಇಲ್ಲ. ಆ ಮಾತಿಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಅಂಗಡಿಯಲ್ಲಿ ಅಳತೆ ತೆಗೆಯುವವನು ನನ್ನ ಅಣ್ಣ, ಬಟ್ಟೆ ಕತ್ತರಿಸುವವನು ನಾನು. ಅವನು ಟೇಪು ಹಿಡಿದು ಅಂಕಿ ಕೂಗಿದರೆ ನಾನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ನಮ್ಮಿಬ್ಬರ ಮೀಸೆ ನೆರೆತದ್ದೇ ಹೀಗೆ. ಗಿರಾಕಿಯ ಫೋಟೋ ನೋಡಿ ಅಳತೆ ಹೇಳುವ ವಿದ್ಯೆ ತಮಗೆ ಕರಗತವೆಂದು ತಿಳಿದು ನಾನು ಹಿಗ್ಗಿ, ಅಣ್ಣನನ್ನು ಒಂದು ಮಾತೂ ಕೇಳದೆ, ಬ್ಯಾಂಕಿನ ಮ್ಯಾನೇಜರರ ಚಿತ್ರವನ್ನು ತಮ್ಮ ಸನ್ನಿಧಿಗೆ ಅರ್ಪಿಸಿದೆ. ತಾವು ಅವರನ್ನೂ, ಅವರ ಹಿಂದೆ ನಿಂತಿದ್ದ ನಮ್ಮ ಮರದ ಬೊಂಬೆಯನ್ನೂ ಒಬ್ಬರೇ ಎಂದು ಬಗೆದು ಅಳತೆ ಕೊಟ್ಟಿರಿ, ನಾನು ಕಣ್ಣುಮುಚ್ಚಿ ಕತ್ತರಿಸಿದೆ. ಆ ಪ್ಯಾಂಟಿನೊಳಗೆ ಮ್ಯಾನೇಜರರು ತಮ್ಮ ಸಿಬ್ಬಂದಿಯ ಸಭೆ ಕರೆಯಬಹುದಿತ್ತು.

ಅಣ್ಣ ನಗಲಿಲ್ಲ, ಬೈಯಲೂ ಇಲ್ಲ. ಸೀಮೆಸುಣ್ಣ ತೆಗೆದುಕೊಂಡು ಮೇಜಿನ ನಡುವೆ ಅಡ್ಡಗೆರೆ ಎಳೆದು, ಇಸ್ತ್ರಿ ಅತ್ತೆಯ ಕಡೆ ತಿರುಗಿ, "ಅತ್ತೆ, ಅವನಿಗೆ ಹೇಳಿಬಿಡಿ. ಆ ಡಬ್ಬಿನೇ ಅಳತೆ ತಗೊಳ್ಳೋದಾದ್ರೆ ನನಗಿಲ್ಲೇನು ಕೆಲಸ? ಒಂದೋ ಅದಿರ್ಲಿ, ಇಲ್ಲಾ ನಾನಿರ್ತೀನಿ" ಎಂದ. ಎದುರು ಸಾಲಿನಲ್ಲಿ ಖಾಲಿ ಇರುವ ಮಳಿಗೆಯನ್ನು ಅವನು ನೋಡಿಬಂದದ್ದೂ ಅತ್ತೆಯ ಬಾಯಿಂದಲೇ ತಿಳಿಯಿತು. ಅಂದಿನಿಂದ ಕತ್ತರಿ ಬೇಕಾದರೂ, ಟೀ ತಣ್ಣಗಾಗುತ್ತಿದೆ ಎನ್ನಬೇಕಾದರೂ ಅತ್ತೆಯೇ ನಮ್ಮ ಟಪಾಲು. ಮಾನ್ಯರೇ, ಅಣ್ಣ ಎದ್ದು ಹೋದರೆ ಈ ಮೇಜಿನ ಅರ್ಧಭಾಗದಲ್ಲಿ ನಾನು ಏನನ್ನು ಹರಡಿಕೊಳ್ಳಲಿ? ಆದ್ದರಿಂದ ತಮ್ಮನ್ನು ಹಿಂತಿರುಗಿಸಲು ನಿರ್ಧರಿಸಿದ್ದೇನೆ. ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಇಷ್ಟು ಬರೆದು ಎದ್ದಿದ್ದೆ. ಈಗ ಸಂಜೆಯಾಗಿದೆ, ಪತ್ರ ಮುಂದುವರಿಸಬೇಕಾಗಿ ಬಂದಿದೆ.

ತಮ್ಮ ಒಳಗಿರುವುದನ್ನೆಲ್ಲ ಅಳಿಸಿ ತಂದರೆ ಮಾತ್ರ ವಾಪಸು ಎಂದು ಫೋನಿನ ಅಂಗಡಿಯವರು ಹೇಳಿ ಕಳಿಸಿದರು, ಅಳಿಸಲು ತಾವು ಗುಪ್ತ ಅಂಕಿ ಕೇಳಿದಿರಿ. ತಮ್ಮನ್ನು ಕೊಂಡ ದಿನ "ಮರೆಯದ ಅಂಕಿ ಹಾಕಿ ಸಾರ್" ಎಂದು ಆ ಅಂಗಡಿಯ ಹುಡುಗಿ ಹೇಳಿದಾಗ ನಾನು ದರ್ಜಿಯ ಬುದ್ಧಿಯಿಂದ ನನ್ನ ಎದೆ, ಸೊಂಟ, ಸೀಟಿನ ಅಳತೆಗಳನ್ನು ಸಾಲಾಗಿ ಹೇಳಿದ್ದೆ. ಆದರೆ ಅಂಕಿ ಒತ್ತುತ್ತಿದ್ದವಳು ಆಕೆಯೇ ಆದ್ದರಿಂದ ನಾಚಿಕೆಗೆ ಸೊಂಟವನ್ನು ಸ್ವಲ್ಪ ಬಿಗಿ ಮಾಡಿ ಹೇಳಿದ್ದೆ. ಎದೆ, ಸೀಟಿನ ಅಂಕಿಗಳು ನೆನಪಿವೆ, ಸೊಂಟ ಎಷ್ಟು ಬಿಗಿ ಎಂಬುದು ಈಗ ನೆನಪಿಗೇ ಬಾರದು. ನಿಜ ಸೊಂಟವೂ ಗೊತ್ತಿಲ್ಲ, ಏಕೆಂದರೆ ದರ್ಜಿ ತನ್ನ ಅಳತೆಯನ್ನು ತಾನೇ ತೆಗೆದುಕೊಳ್ಳಲಾರ. ಬಗ್ಗಿ ಟೇಪು ನೋಡಿದರೆ ಹೊಟ್ಟೆಯೇ ಬದಲಾಗುತ್ತದೆ. ನಾನು ಊಹಿಸಿ ಒತ್ತಿದೆ, ತಾವು ತಪ್ಪೆಂದಿರಿ. ಇನ್ನೊಂದು ಒತ್ತಿದೆ, ಮೈಯೆಲ್ಲ ಅದುರಿಸಿ ಛೀಮಾರಿ ಹಾಕಿದಿರಿ. ಕೊನೆಗೆ, ಇನ್ನೊಂದು ತಪ್ಪಾದರೆ ನಾಳೆಯವರೆಗೆ ಬಾಗಿಲು ತೆರೆಯುವುದಿಲ್ಲವೆಂದು ಬರೆದು ತೋರಿಸಿದಿರಿ.

ನಾನು ಬೆಪ್ಪಾಗಿ ನಿಂತದ್ದನ್ನು ನೋಡಿ ಇಸ್ತ್ರಿ ಅತ್ತೆಗೇ ರೋಸಿಹೋಯಿತು. "ಸಾಕಾಯ್ತಪ್ಪ ನಿಮ್ಮಿಬ್ರ ಟಪಾಲು ಹೊತ್ತು! ತಮ್ಮನ ಸೊಂಟ ಎಷ್ಟೂಂತ ನೀನೇ ಹೇಳಬಾರ್ದಾ?" ಎಂದು ಅಣ್ಣನ ಮೇಲೆ ರೇಗಿದರು. ಅಣ್ಣ ಹಚ್ಚುತ್ತಿದ್ದ ಗುಂಡಿಯ ದಾರ ಕಡಿದ. ಆಮೇಲೆ ಎದ್ದು, ಮೇಜು ಸುತ್ತಿ, ಗೆರೆಯ ಈಚೆಗೆ ಬಂದು, ನನ್ನ ಸೊಂಟಕ್ಕೆ ಟೇಪು ಸುತ್ತಿ, "ಉಸಿರು ಬಿಡೋ. ನನ್ನ ಮುಂದೇನೂ ಹೊಟ್ಟೆ ಒಳಗೆಳ್ಕೋತೀಯಾ?" ಎಂದ. ಅಷ್ಟು ದಿನಗಳಲ್ಲಿ ಅವನು ನನಗೇ ಆಡಿದ ಮೊದಲ ಮಾತದು. ಬಂದ ಅಳತೆಯನ್ನು ನೋಡಿ, "ಇವನು ಯಾವಾಗ್ಲೂ ಎರಡಿಂಚು ಕಮ್ಮಿ ಹೇಳೋದು" ಎಂದು ಎರಡಿಂಚು ಕಳೆದು ತಾನೇ ಒತ್ತಿದ. ತಾವು ತೆರೆದುಕೊಂಡಿರಿ.

ಅಳಿಸುವ ಗುಂಡಿ ಎದುರಿಗೇ ಇತ್ತು. ನಾನು ಬೆರಳು ಇಡುವಷ್ಟರಲ್ಲಿ ಅಣ್ಣ ತಮ್ಮನ್ನು ಕಿತ್ತುಕೊಂಡು ಮೇಜಿನ ಮೇಲಿಟ್ಟು, "ಇರ್ಲಿ ಬಿಡು. ನಿನ್ನ ಸೊಂಟದ ಸುಳ್ಳು ಇದಕ್ಕೂ ಗೊತ್ತಾಗಿದೆ, ಹೊರಗೆ ಬಿಟ್ರೆ ಊರಿಗೆಲ್ಲ ಹೇಳುತ್ತೆ" ಎಂದ. ಅತ್ತೆ ನಕ್ಕ ರಭಸಕ್ಕೆ ಒಂದು ಕಿತ್ತಳೆ ಕೋಟಿನ ಬೆನ್ನು ಸುಟ್ಟಿತು. ಎದುರು ಮಳಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಅಣ್ಣ ಬ್ಯಾಂಡಿನವರ ಬಟ್ಟೆಯನ್ನು ಮೇಜಿನ ಉದ್ದಕ್ಕೂ ಹಾಸಿದ, ಗೆರೆ ಅದರಡಿಯಲ್ಲಿ ಒರೆಸಿಹೋಯಿತು.

ಆದಕಾರಣ ತಾವು ಇಲ್ಲಿಯೇ ಉಳಿಯುವುದೆಂದು ತೀರ್ಮಾನವಾಗಿದೆ. ತಮ್ಮಲ್ಲಿ ನಮ್ಮ ಕೋರಿಕೆಗಳು ಬಲು ಅಲ್ಪ: ಫ್ಯಾನಿನ ಗಾಳಿಗೆ ಬಟ್ಟೆ ಹಾರದಂತೆ ಅದರ ಮೇಲೆ ಭಾರವಾಗಿ ಕೂರುವುದು, ವಾರಕ್ಕೊಂದು ದಿನ ಪ್ಲಗ್ಗನ್ನು ಇಸ್ತ್ರಿ ಅತ್ತೆಗೆ ಬಿಟ್ಟುಕೊಟ್ಟು ಉಪವಾಸವಿರುವುದು, ಬ್ಯಾಂಡ್ ಮೇಳದ ಯಜಮಾನರಿಗೆ ಕಿತ್ತಳೆ ಬಣ್ಣ ಕಾಣದಂತೆ ಮಾಡುವುದು, ಮತ್ತು ಯಾರ ಅಳತೆಗೂ ಕೈ ಹಾಕದಿರುವುದು.

ಇಂತಿ ತಮ್ಮ ವಿಶ್ವಾಸಿ,
(ತಾವು ನಂಬುವುದಾದರೆ)
ಕಿರಿಯ ದರ್ಜಿ

ತಾ.ಕ.: ಅಣ್ಣ ತಮ್ಮ ಗುಪ್ತ ಅಂಕಿಯನ್ನು ನನ್ನ ನಿಜವಾದ ಸೊಂಟಕ್ಕೆ ಬದಲಾಯಿಸಿದ್ದಾನೆ, ನನಗೆ ಮಾತ್ರ ಹೇಳಿಲ್ಲ. ಇನ್ನು ಗುಂಡುಸೂಜಿ ಇಲ್ಲದ ನನ್ನ ಮುಖವನ್ನು ತಾವು ಗುರುತಿಸದಿದ್ದರೂ ಚಿಂತೆಯಿಲ್ಲ, ನಾನು ಅಣ್ಣನನ್ನು ಕೇಳುತ್ತೇನೆ. ಅವನು ಪ್ರತಿ ಸಲವೂ ಟೇಪು ಹಿಡಿದೇ ಏಳುತ್ತಾನೆ. ತಮ್ಮಷ್ಟು ಬುದ್ಧಿವಂತರಿಗೆ ನಾನಿದನ್ನು ಬಿಡಿಸಿ ಹೇಳಬೇಕಿಲ್ಲವಾದರೂ, ಸೊಂಟದ ಅಳತೆ ಬದಲಾದರೆ ತಾವು ತೆರೆಯುವುದಿಲ್ಲವಾದ್ದರಿಂದ ನನ್ನ ಹೊಟ್ಟೆ ಸದ್ಯಕ್ಕೆ ಕರಗುವಂತಿಲ್ಲ.