ಎದುರುಮನೆಯ ಮುತ್ತಜ್ಜನ ಹಡಗು

ಹಳೇ ದಾಖಲೆ ಹುಡುಕುವುದು ನಿಮಗೆ ಬರುತ್ತದೆ ಅಂತ ಒಬ್ಬರಿಗೆ ಗೊತ್ತಾದರೆ ಸಾಕು, ಊರಿನವರ ಸತ್ತ ಅಜ್ಜಂದಿರೆಲ್ಲ ನಿಮ್ಮ ಬಾಗಿಲಿಗೇ ಬರುತ್ತಾರೆ. ಅಮೆರಿಕದ ಕಾಪೆಲ್ ಊರಿನಲ್ಲಿ ನಮ್ಮ ಎದುರುಮನೆಯ ಅಮೆರಿಕನ್ ಅಂಕಲ್ ತಮ್ಮ ಮುತ್ತಜ್ಜನನ್ನು ತಂದದ್ದೂ ಹಾಗೆಯೇ.

೧. ಟೋಪಿ ಮೊದಲು

"ನೂರೈವತ್ತು ವರ್ಷದ ಹಿಂದೆ ನಮ್ಮ ಮುತ್ತಜ್ಜ ಇಂಗ್ಲೆಂಡಿನ ಕಡಲತಡಿಯ ಊರಲ್ಲಿ ಹಡಗಿನ ಕ್ಯಾಪ್ಟನ್. ನನ್ನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಮೊಮ್ಮಕ್ಕಳಿಗೆ ದಾಖಲೆ ತೋರಿಸಬೇಕು," ಅಂದರು.

"ಕ್ಯಾಪ್ಟನ್ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಆದರೆ ಟೋಪಿ ಆರ್ಡರ್ ಮಾಡಿ ಆಗಿದೆ."

೨. ಐದು ಮುತ್ತಜ್ಜಂದಿರು

ಆ ಊರಿನ ಜನಗಣತಿಯಲ್ಲಿ ಅದೇ ಹೆಸರಿನವರು ಐದು ಜನ. ಒಬ್ಬ ಮೀನು ಹಿಡಿಯುವವನು, ಒಬ್ಬ ಹಾಯಿ ಹೊಲಿಯುವವನು, ಒಬ್ಬ ದೋಣಿ ಕಟ್ಟುವವನು, ಒಬ್ಬ ಕ್ಯಾಪ್ಟನ್. ಐದನೆಯವನ ಎದುರು ಬರೀ 'ನಾವಿಕ'. ಅಂಕಲ್ ತಡಮಾಡದೆ ಕ್ಯಾಪ್ಟನ್ ಮೇಲೆ ಬೆರಳಿಟ್ಟರು.

ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಗೆ ವಿಷಯ ಹೇಳಿದೆ. "ಜಾತಕ ನೋಡಿ ವರನ್ನ ಆರಿಸೋದು ನೋಡಿದೀನಿ ಕಣೆ. ಮುತ್ತಜ್ಜನ್ನೂ ಆರಿಸ್ತಾರಾ?" ಅಂದರು.

೩. ಅತ್ತೆ ಎದ್ದು ನಿಂತಿದ್ದು

ಕ್ಯಾಪ್ಟನ್ ಬ್ರಹ್ಮಚಾರಿಯಾಗಿಯೇ ತೀರಿಕೊಂಡಿದ್ದ. ಹೆಂಡತಿ ಮಕ್ಕಳ ಹೆಸರು ತಾಳೆಯಾದದ್ದು ಐದನೆಯವನಿಗೆ. ಹಡಗಿನ ಸಿಬ್ಬಂದಿ ಪಟ್ಟಿಯಲ್ಲಿ ಅವನ ಕೆಲಸವೂ ಸಿಕ್ಕಿತು: ಅಡುಗೆಯವನು.

ಅಂಕಲ್ ಮುಖ ಸಪ್ಪಗಾಯಿತು. "ರೌಂಡ್ ರಾಕ್ ಊರಿಂದ ಮೊಮ್ಮಕ್ಕಳು ಬರ್ತಾರೆ. ಏನು ಹೇಳಲಿ?" ನನಗೂ ಪಾಪ ಅನ್ನಿಸಿತು.

ಅತ್ತೆ ಮಾತ್ರ ಕುರ್ಚಿಯಿಂದ ಎದ್ದೇ ನಿಂತರು. "ಅಡುಗೆ ಭಟ್ಟರ ವಂಶ! ನಮ್ಮಲ್ಲಿ ಭಟ್ಟರು ಬಿಡುವಾಗಿದಾರಾ ಅಂತ ಕೇಳ್ಕೊಂಡೇ ಮದುವೆ ದಿನ ಇಡೋದು ಅಂತ ಹೇಳೇ ಅವರಿಗೆ."

ಇಂಗ್ಲಿಷಿನಲ್ಲಿ ಹೇಳಿದೆ. ಅಂಕಲ್ ಕಣ್ಣರಳಿಸಿ, "ಮತ್ತೆ ಕ್ಯಾಪ್ಟನ್?" ಅಂದರು.

"ಅವನು ಎರಡನೇ ಪಂಕ್ತಿಗೆ ಬಂದ್ರೂ ನಡೆಯತ್ತೆ," ಅಂದರು ಅತ್ತೆ.

೪. ಇನ್ನೊಂಚೂರು

ಹುಟ್ಟುಹಬ್ಬದ ದಿನ ಅಂಕಲ್ ಟೋಪಿ ಬಿಟ್ಟು ಏಪ್ರನ್ ಕಟ್ಟಿಕೊಂಡರು. ಅತ್ತೆ ಅಷ್ಟಕ್ಕೇ ಬಿಡಬೇಕಲ್ಲ! ಮರುವಾರ ಕನ್ನಡ ಸಂಘದ ಪಿಕ್ನಿಕ್ಕಿಗೆ ಅವರನ್ನು ಕರೆಸಿ, ಅಡುಗೆ ಮಾಡುತ್ತಿದ್ದ ಆಂಟಿಯರಿಗೆಲ್ಲ ವಂಶದ ಪರಿಚಯ ಮಾಡಿಸಿದರು. ಆಂಟಿಯರು ಸೌಟು ಹಿಡಿದು ಸಾಲು ನಿಂತರು. "ಅಂಕಲ್, ಉಪ್ಪು ಸಾಕಾ ನೋಡಿ."

ಅಂಕಲ್ ಜನ್ಮದಲ್ಲಿ ನೀರನ್ನೂ ಕಾಯಿಸಿದವರಲ್ಲ. ಆದರೆ ವಂಶದ ಮರ್ಯಾದೆಯ ಪ್ರಶ್ನೆ. ಬಿಸಿಬೇಳೆಬಾತ್, ಪಲ್ಯ, ಸಾರು ಎಲ್ಲವನ್ನೂ ಕಣ್ಣು ಮುಚ್ಚಿ ರುಚಿ ನೋಡಿ, "ಇನ್ನೊಂಚೂರು ಬೇಕು," ಅಂದರು. ಭಟ್ಟರ ವಂಶದವರ ಮಾತಿಗೆ ಯಾರೂ ಎದುರಾಡಲಿಲ್ಲ. ಮೊಸರನ್ನದ ಪಾತ್ರೆಯಂತೂ ಅವರ ಮುಂದೆ ಎರಡು ಸಲ ಹೋಗಿ ಬಂತು.

ಅವತ್ತು ಊಟಕ್ಕೆ ಕೂತವರಿಗೆಲ್ಲ, ಹಡಗು ಹತ್ತದೆಯೇ, ಸಮುದ್ರದ ನೀರಿನ ರುಚಿ ಗೊತ್ತಾಯಿತು.