ಕಾಡುಗೋಧಿಯ ಕಳೆ ತೆಗೆದ ಭಾನುವಾರ

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲ ಪ್ರಾಣಿ ನಾನು. ಅಪ್ಪ ಗೋವಾದ ವಾಸ್ಕೋ ಬಂದರಿನಲ್ಲಿ ಮೂಟೆ ಹೊತ್ತ, ಅವ್ವ ನಮ್ಮ ಮನೆಯಿರುವ ಮಂಗೋರ್ ಹಿಲ್‌ನ ಕಟ್ಟಡಗಳಿಗೆ ಸಿಮೆಂಟ್ ಪುಟ್ಟಿ ಹೊತ್ತಳು, ನಾನು ಕೃಷಿ ಪದವಿ ಹೊತ್ತೆ. ಆದ್ದರಿಂದ ಗಿಡಗಳ ವಿಷಯದಲ್ಲಿ ನನ್ನಿಂದ ತಪ್ಪಾಗುವುದು ಶಕ್ಯವೇ ಇಲ್ಲ ಎಂದು ನಂಬಿದ್ದೆ.

ನನ್ನ ಕೆಲಸ ಕೆಪೆಯಲ್ಲಿ, ಸುತ್ತ ಬಲೆ ಕಟ್ಟಿದ ಒಂದು ಬಲೆಮನೆಯೊಳಗೆ ಗೋಧಿ ಬೆಳೆಸುವುದು. ವಾಸ ಪಕ್ಕದ ಕೋಣೆಯಲ್ಲಿ, ಒಬ್ಬನೇ. ಗೋವಾದಲ್ಲಿ ಗೋಧಿಯೇ ಎಂದು ನೀವು ನಕ್ಕರೆ ತಪ್ಪಿಲ್ಲ, ಬಸ್ ಕಂಡಕ್ಟರನೂ ನಕ್ಕಿದ್ದ. ಇಲ್ಲಿಯ ತೇವಕ್ಕೆ ಗೋಧಿಗೆ ತುಕ್ಕು ರೋಗ ಬೇಗ ಹತ್ತುತ್ತದೆ, ಅದಕ್ಕೇ ಇಲ್ಲಿ ಪರೀಕ್ಷೆ. ತುಕ್ಕಿಗೆ ಬಗ್ಗದ ಕಾಡುಗೋಧಿ ಎಂಬ ಹುಲ್ಲೊಂದಿದೆ. ನೋಡಲು ದಾರಿ ಬದಿಯ ಕಸ. ಊರ ಗೋಧಿಗೆ ಅದರ ಪರಾಗ ಹಾಕಿದರೆ, ದೇವರು ಮನಸ್ಸು ಮಾಡಿದರೆ, ಅದರ ಗಟ್ಟಿತನ ಪಡೆದ ಒಂದೆರಡು ಕಾಳು ಕಟ್ಟುತ್ತವೆ.

ಆ ಶನಿವಾರ ನಲವತ್ತು ಗೋಧಿ ತೆನೆಗಳ ಗಂಡು ಕೇಸರಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು, ಕಾಗದದ ಚೀಲ ತೊಡಿಸಿದ್ದೆ. ಸೋಮವಾರ ಪರಾಗ ಹಾಕದಿದ್ದರೆ ವರ್ಷದ ಕೆಲಸವೆಲ್ಲ ಹೊಟ್ಟು. ಆದರೆ ಭಾನುವಾರ ಮಂಗೋರ್ ಹಿಲ್‌ನಲ್ಲಿ ತಂಗಿಯ ಕುಬಸ, ಅಂದರೆ ಸೀಮಂತ! ಹೂ ಒಂದು ದಿನ ಮೊದಲೇ ಅರಳಿಬಿಟ್ಟರೆ? ನಲವತ್ತು ವಧುಗಳನ್ನು ಬಿಟ್ಟು ಹೋಗುವುದು ಹೇಗೆ? ಹೋಗಲಿಲ್ಲ. ಹೆಂಡತಿ ಶಾಂತಾ ಅಲ್ಲಿಂದ ಫೋನ್ ಮಾಡಿದಳು.

“ಉಂಡ್ರೇನ್ರಿ?”

“ಅವಲಕ್ಕಿ ತಿಂದೇನಿ.”

“ಇಲ್ಲಿ ಹೋಳಿಗಿ ಮಾಡ್ಯಾರ. ನಿಮ್ಮ ತಂಗಿ ಕೇಳಾಕತ್ತಾಳ, ಅಣ್ಣ ಎಲ್ಲಿ ಅಂತ.”

“ಗೋಧಿ ಹೂವಿಗೆ ಬಂದೈತಿ ಅಂತ ಹೇಳು.”

“ಹೇಳಿದೆ. ಗೋಧೀನ ಬಂದು ನನಗ ಉಡಿ ತುಂಬ್ತೈತೇನು ಅಂತಾಳ. ತಡೀರಿ, ಆರತಿ ಸುರು ಆತು!”

ಫೋನನ್ನು ಎಲ್ಲೋ ಇಟ್ಟು ಹೋದವಳು ಮರೆತೇ ಬಿಟ್ಟಳು. ನಾನು ಕಟ್ ಮಾಡಲಿಲ್ಲ. ಸ್ಪೀಕರ್ ಹಾಕಿ, ಫೋನನ್ನು ಇಟ್ಟಿಗೆಯ ಮೇಲಿಟ್ಟು, ಪರಾಗಕ್ಕೆಂದು ಬೆಳೆಸಿದ್ದ ಕಾಡುಗೋಧಿಯ ಮಡಿಯ ಬದಿಗೆ ಕುಕ್ಕರಗಾಲಲ್ಲಿ ಕುಳಿತೆ. ಸೋಬಾನೆ ಹಾಡು, ಬಳೆಗಳ ಸದ್ದು, ಅವ್ವನ ಕೆಮ್ಮು, ಯಾರೋ ಹೋಳಿಗೆ ಬೇಡವೆನ್ನುವುದು, ಯಾರೋ ಬಿಡದೆ ಬಡಿಸುವುದು. ನನ್ನೊಂದಿಗೆ ಯಾರೂ ಮಾತಾಡುತ್ತಿರಲಿಲ್ಲ. ಆದರೆ ಮನೆಯ ಸದ್ದು ಕೇಳಿ ತಿಂಗಳಾಗಿತ್ತು.

ಇಲ್ಲಿ ಒಂದು ಶಾಸ್ತ್ರೀಯ ಸತ್ಯವನ್ನು ನಿವೇದಿಸಬೇಕು. ಚಿಕ್ಕಂದಿನಲ್ಲಿ ರಜೆಗೆ ಊರಿಗೆ ಹೋದಾಗ ಅವ್ವನ ಸಾಲಿನಲ್ಲಿ ಕುಳಿತು ಕಳೆ ತೆಗೆದವನು ನಾನು. ಕಿವಿ ಹೆಂಗಸರ ಮಾತಿನ ಕಡೆ, ಕೈ ತನ್ನಷ್ಟಕ್ಕೆ ಕಸದ ಕಡೆ. ಮಾತು ನಿಂತರೆ ಮಾತ್ರ ಕೈ ನಿಲ್ಲುತ್ತಿತ್ತು.

ಆ ಭಾನುವಾರ ಮಾತು ಮುಕ್ಕಾಲು ಗಂಟೆ ನಿಲ್ಲಲಿಲ್ಲ.

ಬ್ಯಾಟರಿ ಸತ್ತಾಗ ಎದ್ದು ನೋಡಿದೆ. ಮಡಿ ಸಾರಿಸಿದ ಅಂಗಳದಂತೆ ಸ್ವಚ್ಛವಾಗಿತ್ತು. ಕಾಡುಗೋಧಿ ಒಂದೂ ಇರಲಿಲ್ಲ! ಬೇರಿನ ಮಣ್ಣು ಕೊಡವಿ ಗುಂಪು ಹಾಕಿದ್ದೆ. ಹೆಸರು ಬರೆದ ಕಡ್ಡಿಗಳನ್ನೂ ಕಿತ್ತು ನೀಟಾಗಿ ಜೋಡಿಸಿದ್ದೆ!

ಓಡಾಡಿ, ಕಿತ್ತ ಕಾಡುಗೋಧಿಯ ತೆನೆಗಳನ್ನು ಕತ್ತರಿಸಿ ನೀರಿಗಿಟ್ಟೆ. ಇದ್ದದ್ದು ಒಬ್ಬನ ಸಂಸಾರದ ಪಾತ್ರೆಗಳು: ಒಂದು ಲೋಟ, ಒಂದು ಚೊಂಬು, ಒಂದು ಸ್ನಾನದ ಮಗ್. ಅಂದು ಚಹಾ ಇಲ್ಲ, ಸ್ನಾನವೂ ಇಲ್ಲ. ವರನ ಕಡೆಯವರು ಇಳಿದುಕೊಂಡಿದ್ದರು.

ಬೆಳಿಗ್ಗೆ ದಿನಗೂಲಿಗೆ ಬಂದ ಬಾಗಲಕೋಟೆ ಕಡೆಯ ಮಾಬೂಬಿ ಖಾಲಿ ಮಡಿ ಕಂಡು ಎದೆಗೆ ಕೈ ಒತ್ತಿಕೊಂಡಳು.

“ಸಾಹೇಬ್ರ, ಅಲ್ಲಾನ ಆಣಿ, ನಾ ಮುಟ್ಟಿಲ್ರಿ! ಮೇಡಮ್ಮಾರು ನನ್ನ ಕೆಲಸಾ ಬಿಡಸ್ತಾರ.”

ಒಂದು ಕ್ಷಣ, ತಪ್ಪು ಆಕೆಯ ಮೇಲೇ ಉಳಿಯಲಿ ಅನ್ನಿಸಿತು. ಯಾರು ಕಿತ್ತರೆಂದು ಕೇಳಿದರೆ ಎಲ್ಲರೂ ಆಕೆಯತ್ತಲೇ ನೋಡುತ್ತಾರೆ, ನನ್ನತ್ತ ಅಲ್ಲ. ಆ ಕ್ಷಣ ಈಗಲೂ ಚುಚ್ಚುತ್ತದೆ.

“ನಾನ ಕಿತ್ತೇನಿ, ಮಾಬೂಬಿ.”

ಆಕೆ ಬಗ್ಗಿ ಮಣ್ಣು ಪರೀಕ್ಷಿಸಿದಳು. “ಒಂದ ಬೇರೂ ಉಳಿಸಿಲ್ಲಲ್ರಿ! ಭಾಳ ಚಲೋ ಕೈ. ಸುಮ್ಮನ ಓದಿ ಹಾಳಾದ್ರಿ.”

ಈ ಪ್ರಯೋಗದ ಮುಖ್ಯಸ್ಥೆ ಮೇಡಮ್ಮಿಗೆ ಫೋನ್ ಮಾಡಿ ಸತ್ಯ ಹೇಳಿದೆ. ಅವರು ಧಾರವಾಡದವರು, ಕೂಗುವುದಿಲ್ಲ. ಅದೇ ಭಯಂಕರ.

“ನಾಲ್ಕು ವರ್ಷ ಇದನ್ನ ಕಲತ್ಯೇನು?”

“ಇಲ್ರಿ ಮೇಡಂ, ಇದನ್ನ ಓದಾಕ ಹೋಗೂಕಿಂತ ಮೊದಲ ಕಲತಿದ್ದೆ.”

“ಒಂದಾದ್ರೂ ಕಾಳು ಕಟ್ಟಲಿ. ಇಲ್ಲಂದ್ರ ಮುಂದಿನ ವರ್ಷ ಬರಬ್ಯಾಡ.”

ಪುಣ್ಯಕ್ಕೆ ಲೋಟದ ತೆನೆಗಳು ಕೇಸರ ಚಾಚಿದ್ದವು. ಕುಂಚ ಹಿಡಿದು ಮೂವತ್ತು ತೆನೆಗಳಿಗೆ ಪರಾಗ ಹಾಕುವಷ್ಟರಲ್ಲಿ ಅರ್ಧ ಪರಾಗ ನೆಲಕ್ಕೆ ಚೆಲ್ಲಿದ್ದೆ. “ತರ್ರಿ ಇಲ್ಲಿ” ಎಂದು ಉಳಿದ ಹತ್ತನ್ನು ಮಾಬೂಬಿ ಮುಗಿಸಿದಳು.

ಕೆಲವು ವಾರಗಳ ನಂತರ ಚೀಲ ಬಿಚ್ಚಿದೆ. ನನ್ನ ಮೂವತ್ತೂ ಹೊಟ್ಟು! ಮಾಬೂಬಿಯ ಒಂದು ತೆನೆಯಲ್ಲಿ ಒಂದು ಕಾಳು. ಸುಕ್ಕಾದ, ಬಡಕಲು ಕಾಳು, ಆದರೆ ಕಾಳು! ಜೋರಾಗಿ ಕೂಗಿದೆ. ಕೇಳುವವರಿರಲಿಲ್ಲ, ಆಕೆ ಅಂದು ರಜೆ. ಕೂಗಿದ್ದಕ್ಕೆ ನಾನೇ ನಾಚಿ, ಚೀಟಿ ಬರೆಯಲು ಕುಳಿತೆ.

ತಾಯಿ: ಊರ ಗೋಧಿ. ತಂದೆ: ಕಾಡುಗೋಧಿ. ಪರಾಗ ಹಾಕಿದವರು: ಮಾಬೂಬಿ.

ಕೆಳಗೆ ‘ಚೀಟಿ ಬರೆದವರು’ ಎಂಬ ಸಾಲು ಉಳಿದಿತ್ತು. ಅಲ್ಲಿ ನನ್ನ ಹೆಸರು, ಪದವಿ ಸಮೇತ, ತುಂಬು ಗಾಂಭೀರ್ಯದಿಂದ ಬರೆದೆ. ಇಡೀ ವರ್ಷದಲ್ಲಿ ನಾನು ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ!