ಗೋಡೆಯ ಮೇಲೆ ಸುಮ್ಮನೆ ಕೂತಿರುವ ಟ್ರಿಪ್ ಸ್ವಿಚ್ಚಿನವರಿಗೆ

ಮಾನ್ಯರೇ,

ಮಧುಗಿರಿಯಿಂದ ಸಿರಾ ಕಡೆಗೆ ಹೋಗುವ ರಸ್ತೆಯ ಈಜುಕೊಳದ ಪಂಪ್ ರೂಮಿನಲ್ಲಿ, ಆಯುಧಪೂಜೆಯ ಕುಂಕುಮವನ್ನು ಹಣೆಗೆ ಇಟ್ಟುಕೊಂಡು, ಜೇಡರ ಬಲೆಯ ಶಾಲು ಹೊದ್ದು, ಕ್ಷೇಮವಾಗಿ ಕೂತಿರುವ ತಮಗೆ, ಅದೇ ಕೊಳದಲ್ಲಿ ಹೆಂಗಸರ ಬ್ಯಾಚಿನ ಗೇಟು ಮತ್ತು ಟವಲು ನೋಡಿಕೊಳ್ಳುವ ಮಧುಶ್ರೀಯ ಅನಂತ ನಮಸ್ಕಾರಗಳು. ಎದುರು ನಿಂತು ಹೇಳುವುದು ನನಗೆ ಬಾರದ ಕಾರಣ ಬರೆಯುತ್ತಿದ್ದೇನೆ. ಬರೆದು ಮುಗಿಸಿದ ಹಾಳೆಯನ್ನು, ಬಂದವರೆಲ್ಲ ಓದಲಿ ಎಂದು, ಗೇಟಿನ ಸರಳಿಗೆ ಸಿಕ್ಕಿಸುತ್ತೇನೆ.

ಮೊದಲು ತಮ್ಮ ಹಳೆಯ ನಡತೆಯ ಬಗ್ಗೆ ದೂರು. ನೀರಿನೊಳಗೆ ನೀಲಿ ದೀಪ ಹಾಕಿದ ದಿನದಿಂದ, ಸಂಜೆ ದೀಪ ಹೊತ್ತಿಕೊಳ್ಳುವುದೇ ತಡ, ತಾವು ಕರೆಂಟು ಕಡಿದು ಟಕ್ ಎಂದು ಬೀಳುತ್ತಿದ್ದಿರಿ. ನೀಲಿ ನೀರಿನಲ್ಲಿ ಫೋಟೋ ತೆಗೆಸಿಕೊಳ್ಳಲು ಕೊರಟಗೆರೆಯಿಂದ ಬಂದವರು ಕತ್ತಲನ್ನು ನೋಡಿಕೊಂಡು ಹೋದರು. ಮಾಲೀಕರಾದ ಪ್ರಸನ್ನ ಕುಮಾರ್ ಅವರು ಎಷ್ಟು ಸಲ ಎತ್ತಿ ನಿಲ್ಲಿಸಿದರೂ ಅಷ್ಟೇ ಸಲ ಬಿದ್ದಿರಿ. ಎಲ್ಲೋ ಕರೆಂಟು ಸೋರುತ್ತಿದೆ ಎಂದು ತಿಳಿಸುವುದೇ ತಮ್ಮ ಉದ್ದೇಶವಾಗಿತ್ತಂತೆ. ಅದನ್ನು ಸ್ವಲ್ಪ ನಯವಾಗಿ, ಮಾಲೀಕರ ಮುಖ ನೋಡಿಕೊಂಡು, ದೀಪ ಆರಿಸದೆ ತಿಳಿಸಬಹುದಿತ್ತಲ್ಲವೇ?

ದೀಪಗಳ ವೈರಿಂಗ್ ಮಾಡಿದವರು ಪಾವಗಡ ಕಡೆಯ ವೆಂಕಟರಾಮಯ್ಯನವರು. ಬೋರ್‌ವೆಲ್ಲಿಗೆ ಮೋಟಾರ್ ಇಳಿಸುವುದರಲ್ಲಿ ಅವರನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿಲ್ಲ. ದೀಪದ ಡಬ್ಬಿಯ ಮೇಲೆ ಮಳೆಹನಿಯ ಚಿತ್ರವಿತ್ತೇ ಹೊರತು ಈಜುವ ಮನುಷ್ಯನ ಚಿತ್ರವಿರಲಿಲ್ಲ. ಮಳೆ ತಡೆಯುವ ದೀಪವದು, ಮುಳುಗಿಸುವ ದೀಪವಲ್ಲ. ಆದರೂ ಅವರು ಮೋಟಾರಿಗೆ ಮಾಡುವ ಹಾಗೆಯೇ ಮನೆ ಕರೆಂಟನ್ನೇ ಕೊಟ್ಟು, ಜಾಯಿಂಟಿಗೆ ಟೇಪು ಸುತ್ತಿ, ದೀಪಗಳನ್ನು ನೀರೊಳಗೆ ಕೂರಿಸಿದರು. ತಾವು ದಿನವೂ ಬೀಳುವುದನ್ನು ಕೇಳಿ ಮತ್ತೆ ಬಂದವರು, "ಏಮೀ ಕಾದಮ್ಮ, ಏನೂ ಆಗಲ್ಲ. ಸಾವ್ರ ಅಡಿ ನೀರ್ನಾಗೆ ಮೋಟ್ರು ಮುಳುಗ್ಕಂಡು ವರ್ಸಗಟ್ಲೆ ಓಡಲ್ವಾ? ಇದು ಐದಡಿ ನೀರು ಕಣಮ್ಮ" ಎಂದು ನಕ್ಕು, ತಮ್ಮ ಪಕ್ಕದಿಂದಲೇ ಒಂದು ತಂತಿ ಎಳೆದು, ತಮ್ಮನ್ನು ಕೇಳದೆ ಕರೆಂಟನ್ನು ನೇರವಾಗಿ ದೀಪಕ್ಕೆ ಕಳಿಸಿದರು. ಆ ಸಾವಿರ ಅಡಿಯಲ್ಲಿ ಯಾರೂ ಸ್ನಾನಕ್ಕೆ ಇಳಿಯುವುದಿಲ್ಲವಲ್ಲ ಎಂಬ ಮಾತು ನನ್ನ ಗಂಟಲ ತನಕ ಬಂದು ಅಲ್ಲೇ ಕೂತಿತು. ತಾವೂ ತುಟಿ ಬಿಚ್ಚಲಿಲ್ಲ.

ಅಂದಿನಿಂದ ನಮ್ಮ ಕೊಳಕ್ಕೆ ಮಹಿಮೆ ಬಂತು. ನೀರಲ್ಲಿ ನಿಂತು ಸ್ಟೀಲ್ ಏಣಿ ಹಿಡಿದರೆ ಮೈ ಜುಂ ಎನ್ನತೊಡಗಿತು. ಇದನ್ನು ಮೊದಲು ಕಂಡುಹಿಡಿದವಳು ನನ್ನ ಅಜ್ಜಿ ನರಸಮ್ಮ. ನೈಟಿಯ ಮೇಲೆ ಟವಲು ಸುತ್ತಿಕೊಂಡು ಸೊಂಟದ ಮಟ್ಟ ನೀರಿನಲ್ಲಿ ನಿಂತು, "ಲೇ ಮಧು, ಮಂಡಿಗಂಟ ಜುಂ ಅಂತದೆ ಕಣೆ. ಆಸ್ಪತ್ರೇಲಿ ಕೊಡೋ ಕರೆಂಟಿಗಿಂತ ಇದೇ ವಾಸಿ" ಎಂದಳು. ಮರುದಿನವೇ ಮಾಲೀಕರು 'ಮಂಡಿ ನೋವಿಗೆ ಜುಂ ನೀರು' ಎಂದು ಬೋರ್ಡು ಬರೆಸಿದರು. ಗೌಡಗೆರೆಯಿಂದ ಟೆಂಪೋಗಳು ಬಂದವು. "ನೀವೂ ಇಳೀರಿ ಸಾಮಿ, ಹೆಂಗದೆ ನೋಡೀರಂತೆ" ಎಂದು ಅಜ್ಜಿ ಕರೆದಾಗಲೆಲ್ಲ ಮಾಲೀಕರಿಗೆ ನೆಗಡಿ. ಕಲ್ಲು ಕಾದು ಕಾಲು ಸುಡುವ ಮಧುಗಿರಿಯ ಬೇಸಿಗೆಯುದ್ದಕ್ಕೂ ಪಾಪ ಅವರ ನೆಗಡಿ ಇಳಿಯಲೇ ಇಲ್ಲ.

ನಿನ್ನೆ ಸಂಜೆ ಅಜ್ಜಿ ಏಣಿ ಹಿಡಿದವಳು ಬಿಡಲಿಲ್ಲ. ಕರೆದರೆ ಮಾತಿಲ್ಲ, ಕಣ್ಣು ಮಾತ್ರ ನನ್ನ ಕಡೆಗಿತ್ತು. ಪಂಪ್ ರೂಮಿನ ಕಡೆ ಓಡಿದರೆ ಬೀಗ, ಕೀ ಮಾಲೀಕರ ಜೇಬಿನಲ್ಲಿ. ಅಷ್ಟರಲ್ಲಿ ಊರಿನ ಕರೆಂಟೇ ಹೋಯಿತು. ಬುದ್ಧಿ ಬಂದಾಗಿನಿಂದ ನಾನು ಬೈದುಕೊಂಡೇ ಬಂದಿರುವ ಪವರ್ ಕಟ್ ಎಂಬ ಪುಣ್ಯಾತ್ಮ, ತಾವು ಮಾಡಬೇಕಿದ್ದ ಕೆಲಸವನ್ನು ಸಂಬಳವಿಲ್ಲದೆ ಮಾಡಿದ. ಕರೆಂಟು ಮರಳುವಷ್ಟರಲ್ಲಿ ಅಜ್ಜಿಯನ್ನು ಎಳೆದು ಮೇಲೆ ಕೂರಿಸಿದೆ. "ಕೈ ಬುಡಕ್ಕೇ ಆಗ್ಲಿಲ್ಲ ಕಣೆ, ನೀರೇ ನನ್ನ ಇಡ್ಕಂಡಿತ್ತು. ನಾಳೆ ನಮ್ ಮಹಿಳಾ ಸಂಘದೋರ್ನೆಲ್ಲಾ ಕರ್ಕಂಡ್ ಬತ್ತೀನಿ" ಎಂದು ಅವಳು ನಕ್ಕಳು. ನಾನು ರಾತ್ರಿ ಊಟ ಮಾಡಲಿಲ್ಲ.

ಈಗ ಸಂಘದ ಹೆಂಗಸರು ಟವಲು ಹಿಡಿದು ಗೇಟಿನ ಹೊರಗೆ ನಿಂತಿದ್ದಾರೆ. ನಾನು ಒಳಗಿನಿಂದ ಬೀಗ ಹಾಕಿ, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. "ಬಾಗ್ಲು ತೆಗಿಯಮ್ಮ, ಏನ್ ಬಂದೈತೆ ನಿಂಗೆ" ಎಂದು ಹೊರಗಿನಿಂದ ಮಾಲೀಕರು ಕೇಳುತ್ತಿದ್ದಾರೆ. "ನಾಕ್ ಜನದ ಮುಂದೆ ಮಾನ ಕಳೀತಿಯಲ್ಲೇ" ಎಂದು ಅಜ್ಜಿ. ನಾನು ತಮ್ಮ ಹಾಗೆಯೇ ಏನೂ ಮಾತಾಡುತ್ತಿಲ್ಲ. ಎಷ್ಟು ಸಲ ಎತ್ತಿ ನಿಲ್ಲಿಸಿದರೂ ಅಷ್ಟೇ ಸಲ ಕೂರುತ್ತೇನೆ. ತಮ್ಮ ಜಾಗ ಖಾಲಿಯಾದ್ದರಿಂದ, ನಾಚಿಕೆಯಿಂದ ಸಾಯುವ ನನ್ನಂಥವಳು ಅಲ್ಲಿ ಕೂರಬೇಕಾಯಿತು ಎಂಬುದೇ ಈ ಪತ್ರದ ಮುಖ್ಯ ದೂರು.

ಆದುದರಿಂದ ತಾವು ದಯಮಾಡಿ ಕೂಡಲೇ ಕೆಲಸಕ್ಕೆ ಮರಳಿ, ಮೊದಲಿಗಿಂತ ಒರಟಾಗಿ ಬೀಳಬೇಕೆಂದೂ, 'ಏನೂ ಆಗಲ್ಲ' ಎಂಬ ಮಾತು ಯಾರ ಬಾಯಿಂದ ಹೊರಟರೂ ಅರ್ಧದಲ್ಲೇ ಟಕ್ ಎಂದು ಕಡಿಯುವಂತೆ ತಮ್ಮ ಬಂಧುಗಳಲ್ಲಿ ಒಬ್ಬರನ್ನು ನಾಲ್ಕು ತಾಲ್ಲೂಕಿನ ಎಲ್ಲ ಗಂಟಲುಗಳಲ್ಲೂ ಕೂರಿಸಬೇಕೆಂದೂ, ಅಜ್ಜಿ ನನ್ನ ಜೊತೆ ಮಾತು ಬಿಟ್ಟರೆ ಅವಳ ಮಂಡಿಯನ್ನು ತಾವೇ ಒತ್ತಬೇಕೆಂದೂ ಬೇಡಿಕೊಳ್ಳುತ್ತೇನೆ.

ಸದ್ಯಕ್ಕೆ ತಮ್ಮ ಜಾಗದಲ್ಲಿ ಕೂತಿರುವ,
ತಮ್ಮ ವಿಶ್ವಾಸಿ,
ಮಧುಶ್ರೀ

ವಿ.ಸೂ.: ಎರಡು ವಾರದ ನಂತರ ಸೇರಿಸಿದ್ದು. ಈ ಹಾಳೆಯನ್ನು ಸಂಘದ ಅಶ್ವಿನಿ ಅಂದೇ ಗಟ್ಟಿಯಾಗಿ ಓದಿದಳು. ಅಜ್ಜಿ ತನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡು, ಮಾಲೀಕರ ಕಡೆ ತಿರುಗಿ, "ಅಂಗಾದ್ರೆ ಮೊದ್ಲು ನೀನಿಳಿಯಪ್ಪ, ನಾವು ಆಮ್ಯಾಕೆ ಇಳೀತೀವಿ" ಎಂದಳು. ಅವರು ಸೀನಿದರು. ಹೆಂಗಸರು ಟವಲು ಮಡಚಿಕೊಂಡು ಟೆಂಪೋ ಹತ್ತಿದರು. ಆಮೇಲೆ ತುಮಕೂರಿನಿಂದ ಬೇರೆಯವರು ಬಂದು, ನೀರೊಳಕ್ಕೆ ಹನ್ನೆರಡು ವೋಲ್ಟಿನ ದೀಪ ಹಾಕಿ, ಏಣಿಗೆ ಅರ್ಥಿಂಗ್ ಕೊಟ್ಟು, ತಮ್ಮನ್ನು ಮತ್ತೆ ಕೆಲಸಕ್ಕೆ ಹಚ್ಚಿದ್ದು ತಮಗೆ ಗೊತ್ತೇ ಇದೆ. ಇವತ್ತು ಸಂಜೆ ಮಾಲೀಕರು ನೆಗಡಿ ಬಿಟ್ಟು ಕತ್ತಿನ ತನಕ ನೀರಲ್ಲಿದ್ದರು. ಹಳೆಯ ಬೋರ್ಡನ್ನು ಬಿಸಾಡದೆ, 'ಮಂಡಿ ನೋವಿಗೆ' ಎಂಬುದನ್ನು ಅಳಿಸಿ 'ಮಾಲೀಕರ ನೆಗಡಿಗೆ' ಎಂದು ಬರೆದು, ತಮ್ಮ ತಲೆಯ ಮೇಲೆ ತಗುಲಿಸಬೇಕೆಂದು ಅಜ್ಜಿ ಹೇಳಿದ್ದಾಳೆ.